ಮಲ್ಪೆಯ ನೀಲಿ ಪ್ರೆಸ್ಸಿಗೆ ಹೋದರೆ ಯಾಕೆ ಮಂಕಾಗುತ್ತದೆ?

ಈ ಸಲ ಪ್ರಶ್ನೆಗಳೆಲ್ಲ ಒಬ್ಬರದ್ದೇ. ಉಡುಪಿ ಕಡೆಯ ಡಿಜಿಟಲ್ ಕಲಾವಿದೆಯೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹಗಲು ಮದುವೆ ಕಾಗದ, ಯಕ್ಷಗಾನದ ಪೋಸ್ಟರು. ರಾತ್ರಿ ಹೊರದೇಶದವರಿಗೆ ಮಕ್ಕಳ ಪುಸ್ತಕದ ಚಿತ್ರ. ಪತ್ರದಲ್ಲಿ ವಿಜ್ಞಾನವೂ ಉಂಟು, ದುಡ್ಡೂ ಉಂಟು, ಸ್ವಲ್ಪ ಸಿಟ್ಟೂ ಉಂಟು. ಈ ಕೆಲಸ ಮಾಡುವ ಬೇರೆಯವರಿಗೂ ಉಪಯೋಗವಾದೀತು ಅಂತ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಲ್ಪೆ ಸಮುದ್ರದ ಪೋಸ್ಟರ್ ಮಾಡಿದ್ದೆ. ಐಪ್ಯಾಡಿನಲ್ಲಿ ನೀಲಿ ಹೊಳೆಯುತ್ತಿತ್ತು. ಪ್ರಿಂಟಾಗಿ ಬಂದದ್ದು ನೋಡಿದರೆ ಮಂಕು, ಸ್ವಲ್ಪ ನೇರಳೆ ಬೇರೆ. ಪ್ರೆಸ್ಸಿನವರು ಶಾಯಿ ಉಳಿಸಿದರಾ?

ಉತ್ತರ: ಇಲ್ಲ. ಪ್ರೆಸ್ಸಿನವರ ಮೇಲೆ ಬೇರೆ ಯಾವುದಕ್ಕಾದರೂ ಸಂಶಯ ಪಡಿ, ಇದಕ್ಕೆ ಬೇಡ.

ಒಂದು ಸಣ್ಣ ಪ್ರಯೋಗ ಮಾಡಿ. ಫೋನಿನಲ್ಲಿ ಬರೀ ಬಿಳಿ ಇರುವ ಚಿತ್ರ ತೆರೆಯಿರಿ. ಪರದೆ ಮೇಲೆ ಬೆರಳ ತುದಿಯಿಂದ ನೀರಿನ ಒಂದು ಪುಟ್ಟ ಹನಿ ಬೀಳಿಸಿ. ಹನಿ ಭೂತಗನ್ನಡಿಯ ಕೆಲಸ ಮಾಡುತ್ತದೆ. ಅದರೊಳಗೆ ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತವೆ, ಬಿಳಿ ಎಲ್ಲೂ ಇಲ್ಲ. ಆಮೇಲೆ ನಿಮ್ಮ ಪೋಸ್ಟರನ್ನು ನಿಜವಾದ ಭೂತಗನ್ನಡಿಯಲ್ಲಿ ನೋಡಿ. ಅಲ್ಲಿರುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು ಚುಕ್ಕೆಗಳು. ಎರಡೂ ಕಡೆ ಚುಕ್ಕೆಗಳೇ, ಆದರೆ ಅವು ಮಾಡುವ ಕೆಲಸ ಪೂರ್ತಿ ಉಲ್ಟಾ.

ಪರದೆ ತಾನೇ ಬೆಳಕು ಚೆಲ್ಲುತ್ತದೆ. ಕತ್ತಲಿಂದ ಶುರು ಮಾಡಿ ಬೆಳಕು ಸೇರಿಸುತ್ತಾ ಹೋಗುತ್ತದೆ. ಕಾಗದಕ್ಕೆ ಸ್ವಂತ ಬೆಳಕು ಇಲ್ಲ. ಟ್ಯೂಬ್‌ಲೈಟೋ ಬಿಸಿಲೋ ಬಿದ್ದದ್ದನ್ನು ವಾಪಸ್ ಕಳಿಸುವುದಷ್ಟೇ ಅದರ ಕೆಲಸ. ಶಾಯಿ ಆ ಬೆಳಕಿನಲ್ಲಿ ಒಂದು ಪಾಲು ನುಂಗುತ್ತದೆ. ಸಯಾನ್ ಕೆಂಪನ್ನು ನುಂಗುತ್ತದೆ, ಮಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ನೀಲಿ ಬೇಕು ಅಂದರೆ ಸಯಾನ್ ಮೇಲೆ ಮಜೆಂಟಾ ಹಾಕಬೇಕು. ಕೆಂಪೂ ಹೋಯಿತು, ಹಸಿರೂ ಹೋಯಿತು, ಉಳಿದದ್ದು ನೀಲಿ. ಲೆಕ್ಕದಲ್ಲಿ ಸರಿ. ಆದರೆ ನಿಜವಾದ ಶಾಯಿ ಅಷ್ಟು ಶುದ್ಧ ಅಲ್ಲ. ಎರಡೂ ಶಾಯಿ ತಮ್ಮ ಪಾಲಿನದಲ್ಲದ ನೀಲಿಯನ್ನೂ ಸ್ವಲ್ಪ ಸ್ವಲ್ಪ ನುಂಗಿ ಹಾಕುತ್ತವೆ. ಮಜೆಂಟಾ ಒಂದಿಷ್ಟು ಹೆಚ್ಚಾದರೆ ನೇರಳೆ ಕಡೆ ವಾಲುತ್ತದೆ. ನಿಮ್ಮ ಸಮುದ್ರಕ್ಕೆ ಆದದ್ದು ಇದೇ.

ಹಾಗಾಗಿ ಪರದೆಯಲ್ಲಿ ಕಾಣುವ ಕೆಲವು ಬಣ್ಣಗಳು ಈ ನಾಲ್ಕು ಶಾಯಿಯಲ್ಲಿ ಸಿಗುವುದೇ ಇಲ್ಲ. ಗಾಢ ನೀಲಿ, ಮಳೆಗಾಲದ ಗದ್ದೆಯ ಮಿಂಚುವ ಹಸಿರು, ಕಣ್ಣು ಕುಕ್ಕುವ ಕಿತ್ತಳೆ, ಇವು ಮೊದಲು ಸೋಲುವವು. ಹಳದಿ ಮಾತ್ರ ಚೆನ್ನಾಗಿ ಉಳಿಯುತ್ತದೆ. ಹುಲಿವೇಷದ ಪೋಸ್ಟರಿನಲ್ಲಿ ಹಳದಿ ಪಟ್ಟೆ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ, ನೋಡಿ.

ಮಾಡಬೇಕಾದದ್ದು ಚಿತ್ರ ಶುರು ಮಾಡುವ ಮೊದಲೇ. ಪ್ರೆಸ್ಸಿಗೆ ಫೋನ್ ಮಾಡಿ ಮೂರು ಮಾತು ಕೇಳಿ: ಆಫ್‌ಸೆಟ್ಟಾ, ಡಿಜಿಟಲ್ ಪ್ರಿಂಟಾ, ಫ್ಲೆಕ್ಸಾ? ಯಾವ ಕಾಗದ? ಯಾವ ಸಿಎಂವೈಕೆ ಪ್ರೊಫೈಲ್ (ಈ ನಾಲ್ಕು ಶಾಯಿ ಆ ಕಾಗದದಲ್ಲಿ ಹೇಗೆ ಕಾಣುತ್ತವೆ ಅಂತ ಸಾಫ್ಟ್‌ವೇರಿಗೆ ತಿಳಿಸುವ ಫೈಲ್)? ಮೂರನೆಯದಕ್ಕೆ ಕೆಲವು ಕಡೆ ಉತ್ತರ ಸಿಗುವುದಿಲ್ಲ. ಆಗ ಅವರು ಅದೇ ಕಾಗದದಲ್ಲಿ ಮೊದಲೇ ಮಾಡಿದ ಒಂದು ಕೆಲಸ ತರಿಸಿ ಎದುರಿಗಿಟ್ಟುಕೊಳ್ಳಿ. ಐಪ್ಯಾಡಿನ ಚಿತ್ರ ಬರೆಯುವ ಆ್ಯಪ್ ಪ್ರೊಕ್ರಿಯೇಟ್‌ನಲ್ಲಿ ಕ್ಯಾನ್ವಾಸನ್ನೇ ಸಿಎಂವೈಕೆಯಲ್ಲಿ ತೆರೆಯಬಹುದು. ಫೋಟೋಶಾಪ್, ಕ್ರಿಟಾ ಎರಡರಲ್ಲೂ ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟಾದರೆ ಹೇಗೆ ಕಾಣುತ್ತದೆ ಅಂತ ಪರದೆಯಲ್ಲೇ ನೋಡುವ ಸೌಲಭ್ಯ ಉಂಟು, ಕ್ರಿಟಾ ಉಚಿತ ಕೂಡ. ಐಪ್ಯಾಡಿನಲ್ಲಿ ಪರದೆಯ ಬಣ್ಣವನ್ನು ತಾನಾಗಿ ಬದಲಿಸುವ ಟ್ರೂ ಟೋನ್, ನೈಟ್ ಶಿಫ್ಟ್ ಎರಡನ್ನೂ ಆಫ್ ಮಾಡಿ. ಬ್ರೈಟ್‌ನೆಸ್ ಇಳಿಸಿ. ಪೂರ್ತಿ ಬೆಳಕಿಟ್ಟು ಬರೆದ ಚಿತ್ರ ಕಾಗದದಲ್ಲಿ ಕಪ್ಪಿಟ್ಟೇ ಬರುತ್ತದೆ.

ಇಷ್ಟಾದ ಮೇಲೂ ಪರದೆ ಪರದೆಯೇ. ಪೂರ್ತಿ ಆರ್ಡರ್ ಓಡಿಸುವ ಮೊದಲು ಅದೇ ಕಾಗದದಲ್ಲಿ ಒಂದು ಹಾಳೆ ತೆಗೆಸಿ, ಹಗಲು ಬೆಳಕಿಗೆ ತಂದು ನೋಡಿ. ಅದರ ದುಡ್ಡು ನೀವೇ ಕೊಡಬೇಕಾಗಿ ಬಂದರೂ ಪರವಾಗಿಲ್ಲ, ಕೊಡಿ.

ಇನ್ನೊಂದು, ಇದು ನಮ್ಮ ಊರಿನದ್ದೇ ತಾಪತ್ರಯ. ಜೂನ್–ಜುಲೈಯಲ್ಲಿ ಆಫ್‌ಸೆಟ್ ಪ್ರಿಂಟಿನಲ್ಲಿ ಅಕ್ಷರದ ಅಂಚಿಗೆ ಕೆಂಪೋ ನೀಲಿಯೋ ನೆರಳು ಕಂಡರೆ ಕಾಗದವನ್ನೂ ಸಂಶಯಿಸಿ. ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತದೆ. ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಸಾಲದ್ದಕ್ಕೆ ಆಫ್‌ಸೆಟ್ ನಡೆಯುವುದೇ ನೀರಿನಿಂದ. ಪ್ಲೇಟಿನ ಖಾಲಿ ಜಾಗ ನೀರು ಹಿಡಿಯುತ್ತದೆ, ಚಿತ್ರದ ಜಾಗ ಎಣ್ಣೆ ಶಾಯಿ ಹಿಡಿಯುತ್ತದೆ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದದ್ದು ಕಲ್ಲಚ್ಚಿನಲ್ಲಿ. ಕಲ್ಲು ಹೋಗಿ ಅಲ್ಯೂಮಿನಿಯಂ ಬಂತು, ಎಣ್ಣೆ–ನೀರಿನ ಜಗಳ ಮಾತ್ರ ಹಾಗೇ ಉಳಿದಿದೆ. ಮಳೆಗಾಲದ ಕೆಲಸಕ್ಕೆ ಸಪೂರ ಬಿಳಿ ಅಕ್ಷರವನ್ನು ನಾಲ್ಕು ಬಣ್ಣದ ಹಿನ್ನೆಲೆ ಮೇಲೆ ಇಡಬೇಡಿ. ಸಣ್ಣ ಕಪ್ಪು ಅಕ್ಷರಕ್ಕೆ ಬರೀ ಕಪ್ಪು ಶಾಯಿ ಸಾಕು.

ಪ್ರಶ್ನೆ: ಯಕ್ಷಗಾನದ ಕಿರೀಟದ ಚಿನ್ನದ ಬಣ್ಣಕ್ಕೆ ಸರಿಯಾದ ಕೋಡ್ ಯಾವುದು?

ಉತ್ತರ: ಅಂಥ ಕೋಡ್ ಇಲ್ಲ. ಕಿರೀಟದ ಎದುರು ನಿಂತು ತಲೆ ಆಚೀಚೆ ಆಡಿಸಿ ನೋಡಿ. ಹೊಳಪು ನಿಮ್ಮ ಜೊತೆಗೇ ಓಡುತ್ತದೆ. ಅದು ಬಣ್ಣ ಅಲ್ಲ, ಪ್ರತಿಫಲನ. ಕಾಗದದ ಮೇಲೆ ಓಡುವಂಥದ್ದು ಏನೂ ಇಲ್ಲ. ಆದ್ದರಿಂದ ಕಣ್ಣಿಗೆ ಮೋಸ ಮಾಡಬೇಕು: ಕಡು ಕಂದು, ಮಣ್ಣಿನ ಹಳದಿ, ಅದರ ಪಕ್ಕದಲ್ಲೇ ಚೂಪಾದ ಬಿಳಿ, ನಡುವೆ ಹದವಾಗಿ ಬೆರೆಸದೆ. ಮೆತ್ತಗೆ ಬೆರೆಸಿದರೆ ಚಿನ್ನ ಹೋಗಿ ಬೆಲ್ಲ ಆಗುತ್ತದೆ. ಪಕ್ಕದ ಕೆಂಪು ಅಂಗಿಯ ಬಣ್ಣ ಕಿರೀಟದ ಕೆಳ ಅಂಚಿನಲ್ಲಿ ಸ್ವಲ್ಪ ಇರಲಿ. ನಿಜವಾದ ಹೊಳಪೇ ಬೇಕಾದರೆ ಫಾಯಿಲ್, ಅಂದರೆ ಹೊಳೆಯುವ ತೆಳು ಹಾಳೆ, ಹಾಕಿಸಬೇಕು, ಅದಕ್ಕೆ ಬೇರೆ ಖರ್ಚು.

ಪ್ರಶ್ನೆ: ಕೆಲವು ರಾತ್ರಿ ನಮ್ಮ ಕಡಲಲ್ಲಿ ಅಲೆ ಒಡೆದಾಗ ನೀಲಿ ಬೆಳಕು ಕಾಣುತ್ತದೆ. ಅದು ಎಂಥದು? ಬರೆಯುವುದು ಹೇಗೆ? ನನ್ನದು ಬರೀ ನಿಯಾನ್ ಬೋರ್ಡಿನ ಹಾಗೆ ಕಾಣುತ್ತದೆ.

ಉತ್ತರ: ಜೀವಿಗಳ ಬೆಳಕು ಅದು. ಸಾಮಾನ್ಯವಾಗಿ ನಾಕ್ಟಿಲ್ಯೂಕಾ ಎಂಬ ಒಂದೇ ಜೀವಕೋಶದ ಜೀವಿ, ಮಿಲಿಮೀಟರಿನ ಲೆಕ್ಕದ್ದು. ನೀರು ಅಲುಗಿದಾಗ ಅದರೊಳಗಿನ ಲೂಸಿಫೆರಿನ್ ಎಂಬ ರಾಸಾಯನಿಕ ಆಮ್ಲಜನಕದ ಜೊತೆ ಸೇರಿ ಬೆಳಕು ಕೊಡುತ್ತದೆ. ಬಿಸಿ ಇಲ್ಲ. ಒಂದೊಂದು ಮಿನುಗು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಅಲುಗದ ನೀರು ಕಪ್ಪಾಗಿಯೇ ಇರುತ್ತದೆ. ನಿಮ್ಮ ಚಿತ್ರ ಕೆಟ್ಟದ್ದು ಇಲ್ಲೇ ಅಂತ ನನ್ನ ಊಹೆ: ನೀವು ಇಡೀ ಸಮುದ್ರಕ್ಕೆ ಗ್ಲೋ ಹಾಕಿರುತ್ತೀರಿ.

ಬೆಳಕು ಇರುವುದು ಅಲೆ ಮಗುಚುವ ಗೆರೆಯಲ್ಲಿ, ದೋಣಿಯ ಹಿಂದಿನ ಜಾಡಿನಲ್ಲಿ, ಒದ್ದೆ ಮರಳಿನ ಮೇಲೆ ಕಾಲಿಟ್ಟ ಜಾಗದಲ್ಲಿ. ಅಷ್ಟೇ. ಇನ್ನು ಫೋಟೋ ನೋಡಿ ಬರೆಯುವವರಿಗೆ ಒಂದು ಮಾತು. ಕ್ಯಾಮೆರಾ ಹಲವು ಸೆಕೆಂಡು ಕಣ್ತೆರೆದು ಕೂತು ಅಷ್ಟೂ ಮಿನುಗನ್ನು ಒಟ್ಟು ಮಾಡುತ್ತದೆ. ನಮ್ಮ ಕಣ್ಣಿಗೆ ಕತ್ತಲಲ್ಲಿ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಅಲ್ಲಿ ನಿಂತವರು ಕಂಡದ್ದು ಬೆಳ್ಳಗಿನ, ಸ್ವಲ್ಪವೇ ನೀಲಿ ಇರುವ ಮಿನುಗು. ನಾನಾದರೆ ಕಂಡದ್ದನ್ನೇ ಬರೆಯುತ್ತೇನೆ. ಪ್ರಿಂಟಿಗೂ ಅದೇ ಲಾಭ. ಆ ನಿಯಾನ್ ನೀಲಿ ಶಾಯಿಯಲ್ಲಿ ಹೇಗೂ ಸಿಗುವುದಿಲ್ಲ. ಸುತ್ತ ಕಪ್ಪು ಜಾಸ್ತಿ ಇಟ್ಟು ತೆಳು ಸಯಾನ್ ಗೆರೆ ಎಳೆದರೆ ಕಣ್ಣು ತಾನೇ ಹೊಳಪು ಸೇರಿಸಿಕೊಳ್ಳುತ್ತದೆ.

ಪ್ರಶ್ನೆ: ಅಮೆರಿಕದ ಗ್ರಾಹಕರು 200 ಡಾಲರ್ ಕಳಿಸಿದ್ದಾರೆ. ನನ್ನ ಬ್ಯಾಂಕಿಗೆ ಸಾವಿರಕ್ಕಿಂತ ಜಾಸ್ತಿ ರೂಪಾಯಿ ಕಡಿಮೆ ಬಂದಿದೆ. ಫೀಸ್ ಅಷ್ಟೊಂದು ಇಲ್ಲವಲ್ಲ? ಇದಕ್ಕೆ ಜಿಎಸ್‌ಟಿ ಬೇರೆ ಕಟ್ಟಬೇಕಾ?

ಉತ್ತರ: ನೀವು ಫೀಸ್ ಮಾತ್ರ ನೋಡಿದ್ದೀರಿ, ದರ ನೋಡಿಲ್ಲ. ಲೆಕ್ಕ ಸುಲಭವಾಗಲಿ ಅಂತ ಡಾಲರಿಗೆ 85 ರೂಪಾಯಿ ಅಂದುಕೊಳ್ಳಿ. 200 ಡಾಲರ್ ಅಂದರೆ 17,000. ಹಣ ತರುವ ಕಂಪನಿ 10 ಡಾಲರ್ ಫೀಸ್ ಹಿಡಿಯಿತು, ಅದು 850 ರೂಪಾಯಿ. ಉಳಿದ 190 ಡಾಲರನ್ನು ರೂಪಾಯಿ ಮಾಡುವಾಗ ಅವರು ಕೊಡುವ ದರ 85 ಅಲ್ಲ, 4 ಪ್ರತಿಶತ ಕಡಿಮೆ ಮಾಡಿ 81.60. ಅಲ್ಲಿ ಇನ್ನೊಂದು 646 ಹೋಯಿತು. ನಿಮ್ಮ ಕೈಗೆ 15,504. ಮೊದಲನೆಯದನ್ನು ಬಿಲ್ಲಿನಲ್ಲಿ ಬರೆಯುತ್ತಾರೆ. ಎರಡನೆಯದು ದರದೊಳಗೆ ಅಡಗಿ ಕೂತಿರುತ್ತದೆ. ಹಣ ಬಂದ ದಿನ ಗೂಗಲ್ ತೋರಿಸುವ ದರಕ್ಕೂ ನಿಮಗೆ ಸಿಕ್ಕಿದ ದರಕ್ಕೂ ಎಷ್ಟು ವ್ಯತ್ಯಾಸ ಅಂತ ಒಮ್ಮೆ ಭಾಗಿಸಿ ನೋಡಿ. ಆಮೇಲೆ ಎರಡು ಮೂರು ಕಡೆ ಹೋಲಿಸಿ, ನಿಮ್ಮ ಬ್ಯಾಂಕನ್ನೂ ಸೇರಿಸಿ. ಸಣ್ಣ ಸಣ್ಣ ಕಂತಿಗಿಂತ ಒಟ್ಟಿಗೆ ತರಿಸಿಕೊಂಡರೆ ನಿಗದಿ ಫೀಸಾದರೂ ಉಳಿಯುತ್ತದೆ. ಹೊರದೇಶದಿಂದ ಹಣ ಬಂದದ್ದಕ್ಕೆ ಪತ್ರ ಕೊಡುತ್ತಾರೆ, ಪ್ರತಿ ಸಲ ತೆಗೆದಿಟ್ಟುಕೊಳ್ಳಿ.

ಜಿಎಸ್‌ಟಿ ವಿಷಯ. ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಅಲ್ಲ. ಗ್ರಾಹಕರು ಹೊರದೇಶದವರು ಅನ್ನುವ ಒಂದೇ ಕಾರಣಕ್ಕೂ ಬೇಡ. ಆದರೆ ಆ 20 ಲಕ್ಷ ಎಣಿಸುವಾಗ ಡಾಲರಿನ ದುಡ್ಡೂ ಸೇರುತ್ತದೆ. ದಾಟಿದರೆ ನೋಂದಣಿ ಮಾಡಿಸಿ, ಎಲ್‌ಯುಟಿ ಅನ್ನುವ ಮುಚ್ಚಳಿಕೆ ಸಲ್ಲಿಸಿದರೆ ರಫ್ತಿನ ಮೇಲೆ ತೆರಿಗೆ ಕಟ್ಟದೆ ಬಿಲ್ ಮಾಡಬಹುದು. ಆದಾಯ ತೆರಿಗೆ ಬೇರೆ ವಿಷಯ. ಹೊರಗಿನ ದುಡ್ಡು ಲೆಕ್ಕಕ್ಕಿಲ್ಲ ಅಂತ ಯಾರೋ ನಿಮಗೆ ಹೇಳಿದ್ದಾರೆ ಅಂತ ಬರೆದಿದ್ದೀರಿ. ಹಾಗಲ್ಲ, ಅದೂ ಖಂಡಿತ ಲೆಕ್ಕಕ್ಕೆ ಉಂಟು. ಟ್ಯಾಬ್ಲೆಟ್, ಪೆನ್, ಸಾಫ್ಟ್‌ವೇರ್ ಚಂದಾ, ಇಂಟರ್‌ನೆಟ್ ಎಲ್ಲದರ ಬಿಲ್ ಇಟ್ಟುಕೊಳ್ಳಿ, ಲೆಕ್ಕ ಕೊಡುವಾಗ ಕೆಲಸಕ್ಕೆ ಬರುತ್ತದೆ. ಇಲ್ಲಿನ ಕಂಪನಿಗಳು 10 ಪ್ರತಿಶತ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದರೆ ಅದು ಹೋದ ದುಡ್ಡಲ್ಲ, ನಿಮ್ಮ ಪ್ಯಾನ್ ಹೆಸರಲ್ಲಿ ಜಮೆ ಆಗಿರುತ್ತದೆ. ರಿಟರ್ನ್ ಹಾಕಿ, ಹೆಚ್ಚಾದದ್ದು ವಾಪಸ್ ಬರುತ್ತದೆ.

ಪ್ರಶ್ನೆ: ಒಬ್ಬ ವ್ಯಾಪಾರಿ ಅಂಗಡಿಯಲ್ಲಿ ಫ್ರೇಮ್ ಹಾಕಿಸಲಿಕ್ಕೆ ಅಂತ ತಂದೆಯ ಚಿತ್ರ ಮಾಡಿಸಿಕೊಂಡರು. ಈಗ ಅದೇ ಚಿತ್ರ ಕ್ಯಾಲೆಂಡರ್, ಕ್ಯಾರಿ ಬ್ಯಾಗ್ ಎಲ್ಲದರ ಮೇಲೂ ಉಂಟು. ನನ್ನನ್ನು ಕೇಳಲೇ ಇಲ್ಲ. ಚಿತ್ರ ನನ್ನದಲ್ವಾ?

ಉತ್ತರ: ಬೇಸರ ಮಾಡಿಕೊಳ್ಳಬೇಡಿ, ಈ ಒಂದು ವಿಷಯದಲ್ಲಿ ಕಾನೂನು ನಿಮ್ಮ ಪಕ್ಷ ಇಲ್ಲ. 1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಬರೆದವರೇ ಮೊದಲ ಹಕ್ಕುದಾರರು. ಆದರೆ ಅದರ ಕೆಳಗೇ ಕೆಲವು ವಿನಾಯಿತಿ ಇವೆ. ಯಾರಾದರೂ ದುಡ್ಡು ಕೊಟ್ಟು ಪೇಂಟಿಂಗೋ ಭಾವಚಿತ್ರವೋ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಹಕ್ಕುದಾರರು. ಐಪ್ಯಾಡಿನಲ್ಲಿ ಮಾಡಿದ್ದು ಪೇಂಟಿಂಗ್ ಹೌದೋ ಅಲ್ಲವೋ ಅಂತ ವಕೀಲರು ವಾದ ಮಾಡಬಹುದು. ಭಾವಚಿತ್ರ ಅಂದ ಮೇಲೆ ನನಗೆ ಅದರಲ್ಲಿ ಹೆಚ್ಚು ಆಸೆ ಇಲ್ಲ. ನಿಮ್ಮ ಹೆಸರು ಹಾಕಿ ಅಂತ ಕೇಳುವ ಹಕ್ಕು ಮಾತ್ರ 57ನೇ ಸೆಕ್ಷನ್ನಿನಲ್ಲಿ ನಿಮಗೇ ಉಳಿದಿದೆ. ಚಿತ್ರವನ್ನು ನಿಮ್ಮ ಮಾನಕ್ಕೆ ಕುಂದು ಬರುವ ಹಾಗೆ ತಿರುಚಿದರೆ ಅದಕ್ಕೂ ಅದೇ ಸೆಕ್ಷನ್.

ಇನ್ನು ಮುಂದೆ ಕೆಲಸ ಹಿಡಿಯುವಾಗಲೇ ಒಂದು ಸಾಲು ಬರೆದು ಕಳಿಸಿ: ‘ಈ ದರ ಫ್ರೇಮ್ ಹಾಕುವ ಒಂದು ಪ್ರತಿಗೆ. ಕಾಪಿರೈಟ್ ಕಲಾವಿದೆಯದ್ದು. ಬೇರೆ ಯಾವುದಕ್ಕೆ ಬಳಸುವುದಾದರೂ ಬೇರೆ ದರ.’ ಅವರು ‘ಓಕೆ’ ಅಂತ ಉತ್ತರ ಕೊಟ್ಟ ಮೇಲೆಯೇ ಪೆನ್ ಎತ್ತಿ. ಅಡ್ವಾನ್ಸ್ ಕೂಡ ಆಗಲೇ ತೆಗೆದುಕೊಳ್ಳಿ. ಪ್ರೆಸ್ಸಿಗೆ ಮೊದಲೇ ಫೋನ್ ಮಾಡಿ ಅಂದೆನಲ್ಲ, ಇದೂ ಅದೇ ಹೊತ್ತಿನ ಕೆಲಸ. ನಂಟರಿಗಾದರೆ ಸಂಕೋಚ ಆಗುತ್ತದೆ, ಗೊತ್ತು. ‘ಸುಮ್ನೆ ಒಂದು ಲೋಗೋ ಅಲ್ವಾ ಮಾರಾಯ್ತಿ’ ಅನ್ನುವವರಿಗೆ ಫ್ರೀ ಮಾಡಿಕೊಟ್ಟರೂ ಪೂರ್ತಿ ದರದ ಬಿಲ್ ಬರೆದು ಕೆಳಗೆ ‘ರಿಯಾಯಿತಿ ನೂರಕ್ಕೆ ನೂರು’ ಅಂತ ಹಾಕಿ. ಎರಡನೇ ಸಲ ಕೇಳುವಾಗ ಅವರೇ ಯೋಚಿಸುತ್ತಾರೆ.

ಹಕ್ಕು ಬರೆದುಕೊಡುವ ಕಾಗದ ಬಂದರೆ ಅವಧಿ ಮತ್ತು ಜಾಗ ಎರಡನ್ನೂ ನೋಡಿ. ಅವಧಿ ಹಾಕಿರದಿದ್ದರೆ ನಮ್ಮ ಕಾನೂನಿನಲ್ಲಿ 5 ವರ್ಷ ಅಂತ ಲೆಕ್ಕ, ಜಾಗ ಹಾಕಿರದಿದ್ದರೆ ಭಾರತ ಮಾತ್ರ. ಹೊರದೇಶದ ಪ್ರಕಾಶಕರ ಕಾಗದದಲ್ಲಿ ‘ಎಲ್ಲ ಕಾಲಕ್ಕೂ, ಇಡೀ ಜಗತ್ತಿಗೂ’ ಅಂತ ಇರುವುದು ಮಾಮೂಲು. ಸಹಿ ಹಾಕಬೇಡಿ ಅಂತಲ್ಲ. ಹಾಕುವುದಾದರೆ ಆ ಬೆಲೆ ಕೇಳಿ.

ಪ್ರಶ್ನೆ: ಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡಿ ಅಭ್ಯಾಸ ಮಾಡುತ್ತೇನೆ. ಅವರೂ ನಮ್ಮ ಕಟ್ಟಿಂಗೇರಿಯವರೇ. ಆ ಪ್ರತಿಗಳನ್ನು ಪ್ರಿಂಟ್ ಮಾಡಿ ಮಾರಬಹುದಾ?

ಉತ್ತರ: ಅಭ್ಯಾಸ ಎಷ್ಟು ಬೇಕಾದರೂ ಮಾಡಿ, ಸ್ವಂತ ಕಲಿಕೆಗೆ ಅಡ್ಡಿ ಇಲ್ಲ. ಆ ನಿಲ್ಲದ ಒಂದೇ ಗೆರೆ ಕೈಗೆ ಬರಬೇಕಾದರೆ ನಕಲು ಮಾಡಿಯೇ ಕಲಿಯಬೇಕು. ಮಾರುವ ಹಾಗಿಲ್ಲ. ಕಾಪಿರೈಟ್ ಇರುವುದು ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ, ಹಾಗಾದರೆ 2056ರ ಕೊನೆಯವರೆಗೆ. ಅವರ ಶೈಲಿಗೆ ಕಾಪಿರೈಟ್ ಇಲ್ಲ. ಹೆಬ್ಬಾರರಿಂದ ಕಲಿತ ಗೆರೆಯಲ್ಲಿ ನಿಮ್ಮದೇ ಮೀನು ಮಾರ್ಕೆಟ್ ಬರೆದರೆ ಅದನ್ನು ನಾಳೆಯೇ ಮಾರಬಹುದು.