ಸಾವಿರಾರು ಕೋಟಿಯ ಒಪ್ಪಂದ ಆಯ್ತು, ನಮ್ಮೂರ ಟವರಿಗೆ ಏನು ಬರುತ್ತದೆ?

ನೀವು ಕೇಳಿದ್ದು ಇಷ್ಟು: ಇಂಡಿ ತಾಲ್ಲೂಕಿನ ಹಳ್ಳಿ, ಊರಿಗೆ ಒಂದೇ ಟವರ್, ಸಂಜೆಯಾದರೆ ನೆಟ್ ನಿಂತೇ ಹೋಗುತ್ತದೆ. ಮೊಬೈಲ್ ಕಂಪನಿಗಳು ಟವರ್ ಉಪಕರಣ ಮಾಡುವ ನೋಕಿಯಾ, ಎರಿಕ್ಸನ್ ಅಂಥವರ ಜೊತೆ ದೊಡ್ಡ ಒಪ್ಪಂದ ಮಾಡಿಕೊಂಡಿವೆ ಎಂದು ಪೇಪರಿನಲ್ಲಿ ಬಂದಿದೆ. ಅದರಿಂದ ನಮಗೇನಾದರೂ ಆಗುತ್ತದೆಯೇ, ಈಗಲೇ 5ಜಿ ಫೋನ್ ತಗೊಳ್ಳಬೇಕೇ?

ನಾನು ವಿಜಯಪುರ, ಬಾಗಲಕೋಟೆ ಭಾಗದಲ್ಲಿ ಟವರ್ ಮೇಲೆ ಉಪಕರಣ ಕೂರಿಸುವ ಗುತ್ತಿಗೆ ತಂಡದಲ್ಲಿದ್ದೇನೆ. ನೇರವಾಗಿ ಹೇಳುತ್ತೇನೆ: ಒಪ್ಪಂದದಿಂದ ಟವರ್ ಮೇಲಿನ ಪೆಟ್ಟಿಗೆಗಳು ಬದಲಾಗುತ್ತವೆ. ಆದರೆ ನೀವು ಹೇಳುತ್ತಿರುವ ಸಂಜೆಯ ತೊಂದರೆ ಬರೀ ಪೆಟ್ಟಿಗೆಯದಾಗಿರಲಿಕ್ಕಿಲ್ಲ. ಆ ಪೆಟ್ಟಿಗೆಯವರೆಗೆ ಡೇಟಾ ಬರುವ ದಾರಿಯನ್ನೂ ನೋಡಬೇಕು.

ಒಪ್ಪಂದಗಳು ನಿಜ, ಸಣ್ಣವೂ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ವೊಡಾಫೋನ್ ಐಡಿಯಾ ನೋಕಿಯಾ, ಎರಿಕ್ಸನ್, ಸ್ಯಾಮ್‌ಸಂಗ್ ಮೂವರ ಜೊತೆ 3 ವರ್ಷಕ್ಕೆ ಸುಮಾರು 30,000 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಕೊನೆಗೆ ಏರ್‌ಟೆಲ್ ಕೂಡ ನೋಕಿಯಾ ಮತ್ತು ಎರಿಕ್ಸನ್ ಜೊತೆ ಹಲವು ವರ್ಷಗಳ ಒಪ್ಪಂದ ಪ್ರಕಟಿಸಿತು. ಬಿಎಸ್‌ಎನ್‌ಎಲ್ ಹಿಡಿದ ದಾರಿ ಬೇರೆ. 2023ರಲ್ಲಿ ಟಿಸಿಎಸ್ ಮುಂದಾಳತ್ವದ ಕೂಟಕ್ಕೆ 1 ಲಕ್ಷ ಜಾಗಗಳಿಗೆ 4ಜಿ ಕೂರಿಸುವ ಸುಮಾರು 15,000 ಕೋಟಿಯ ಕೆಲಸ ಕೊಟ್ಟರು. ಅದರಲ್ಲಿ ರೇಡಿಯೋ, ಅಂದರೆ ಫೋನಿನ ಜೊತೆ ಸಿಗ್ನಲ್ ಕೊಟ್ಟು ತೆಗೆದುಕೊಳ್ಳುವ ಪೆಟ್ಟಿಗೆ, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ದು, ಎಲ್ಲ ಟವರುಗಳ ಕರೆ, ಡೇಟಾ ನಿಭಾಯಿಸುವ ನಡುವಿನ ಕೋರ್ ವ್ಯವಸ್ಥೆ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ದು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. ಹೊರಗಿನ ಕಂಪನಿಗಳ ಪೆಟ್ಟಿಗೆಗಳನ್ನೇ ಹೊತ್ತು ಮೇಲೇರಿದವನಿಗೆ, ನಮ್ಮಲ್ಲೇ ವಿನ್ಯಾಸವಾದ ರೇಡಿಯೋ ಕಂಬದ ಮೇಲೆ ಕೂತದ್ದು ನೋಡಿದಾಗ ಆಗುವ ಖುಷಿಯೇ ಬೇರೆ.

ಈಗ ನಿಮ್ಮ ಟವರಿಗೆ ಬರೋಣ. ನಿಮ್ಮ ಫೋನಿನಲ್ಲಿ ಒಂದೇ ಕಂಪನಿಯ ಹೆಸರು ಕಾಣುತ್ತದೆ, ಟವರ್ ಹತ್ತಿರ ಹೋದರೆ ಹಾಗಿರುವುದಿಲ್ಲ. ಕಬ್ಬಿಣದ ಕಂಬ, ಬ್ಯಾಟರಿ, ಡೀಸೆಲ್ ಜನರೇಟರ್ ಸಾಮಾನ್ಯವಾಗಿ ಇಂಡಸ್ ಟವರ್ಸ್‌ನಂಥ ಟವರ್ ಕಂಪನಿಯವು. ಮೇಲಿನ ರೇಡಿಯೋ, ಕೆಳಗೆ ಸಿಗ್ನಲ್ಲಿನ ಲೆಕ್ಕ ನೋಡುವ ಬೇಸ್‌ಬ್ಯಾಂಡ್ ಪೆಟ್ಟಿಗೆ, ಅವುಗಳ ಸಾಫ್ಟ್‌ವೇರ್ ಉಪಕರಣ ಕಂಪನಿಯಿಂದ ಬಂದದ್ದು. ಊರಿಗೆ ಬರುವ ಫೈಬರ್ ಅಥವಾ ತಂತಿಯಿಲ್ಲದೆ ಡಿಶ್ಶಿನಿಂದ ಡಿಶ್ಶಿಗೆ ಡೇಟಾ ಸಾಗಿಸುವ ಮೈಕ್ರೋವೇವ್ ಲಿಂಕಿನ ಜವಾಬ್ದಾರಿ ಮೊಬೈಲ್ ಕಂಪನಿಯದು. ಕೂರಿಸುವುದು ನಮ್ಮಂಥ ಗುತ್ತಿಗೆ ತಂಡ. ಪೇಪರಿನಲ್ಲಿ ಬಂದ ಒಪ್ಪಂದ ಮುಖ್ಯವಾಗಿ ರೇಡಿಯೋ ಮತ್ತು ಬೇಸ್‌ಬ್ಯಾಂಡಿಗೆ ಸಂಬಂಧಪಟ್ಟದ್ದು. ಬ್ಯಾಟರಿ ಸತ್ತಿದ್ದರೆ, ಫೈಬರ್ ಬಾರದೇ ಇದ್ದರೆ, ಅದಕ್ಕೆ ಈ ಒಪ್ಪಂದ ಮದ್ದಲ್ಲ.

ಹಳೆ ಪೆಟ್ಟಿಗೆ ಇಳಿಸಿ ಹೊಸದು ಏರಿಸುವುದಕ್ಕೆ ನಾವು ಸ್ವ್ಯಾಪ್ ಅನ್ನುತ್ತೇವೆ. ಮಂದಿ ಮಲಗಿದ ಮೇಲೆ ಕೆಲಸ, ಬೆಳಗಾಗುವಷ್ಟರಲ್ಲಿ ಟವರ್ ಮತ್ತೆ ಜೀವ ಹಿಡಿಯಬೇಕು. ಹಳೆ ರೇಡಿಯೋ ಹಗ್ಗ ಕಟ್ಟಿ ಇಳಿಸುವುದು, ಹೊಸದನ್ನು ಆಂಟೆನಾ ಹಿಂದೆ ಬಿಗಿಯುವುದು, ಕೆಳಗಿನಿಂದ ಫೈಬರ್ ಎಳೆದು ಸಿಕ್ಕಿಸುವುದು, ಪ್ರತಿ ಕನೆಕ್ಟರಿಗೂ ನೀರು ಹೋಗದ ಹಾಗೆ ಟೇಪ್ ಸುತ್ತುವುದು. ಟೇಪ್ ಸರಿಯಾಗಿ ಸುತ್ತದಿದ್ದರೆ ಮೊದಲ ಮಳೆಗೇ ಆ ಕಡೆಯ ಸಿಗ್ನಲ್ ಕುಂಟುತ್ತದೆ. ಟವರಿನಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಸೆಕ್ಟರ್. ಒಂದು ಸೆಕ್ಟರಿನ ಫೈಬರ್ ಇನ್ನೊಂದಕ್ಕೆ ಹೋಗಿದೆಯೋ ಎಂದು ನೋಡಲು ಬೆಳಗಿನ ಜಾವ ಗಾಡಿಯಲ್ಲಿ ಫೋನ್ ಇಟ್ಟುಕೊಂಡು ಟವರ್ ಸುತ್ತ ಸುತ್ತುತ್ತೇವೆ.

ಇದರಲ್ಲಿ ನಿಮ್ಮಂಥ ಊರಿಗೆ ನೇರವಾಗಿ ತಟ್ಟುವುದು ಆಂಟೆನಾ ಎಷ್ಟು ಬಗ್ಗಿದೆ ಎಂಬ ಲೆಕ್ಕ, ಅಂದರೆ ಟಿಲ್ಟ್. ಆಂಟೆನಾ 40 ಮೀಟರ್ ಎತ್ತರದಲ್ಲಿದ್ದು 2 ಡಿಗ್ರಿ ಬಗ್ಗಿಸಿದರೆ ಅದರ ಕಿರಣದ ನಡು ಸುಮಾರು 1,150 ಮೀಟರ್ ಆಚೆ ನೆಲ ಮುಟ್ಟುತ್ತದೆ. 4 ಡಿಗ್ರಿ ಮಾಡಿದರೆ 570 ಮೀಟರಿನಲ್ಲೇ ಮುಟ್ಟುತ್ತದೆ. ಪೇಟೆಯಲ್ಲಿ ಬಗ್ಗಿಸಬೇಕು, ಟವರಿಗೆ ಟವರ್ ಹತ್ತಿರ ಇರುವಲ್ಲಿ ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬರಬಾರದು. ಆದರೆ ಪೇಟೆಯ ಅದೇ ಲೆಕ್ಕವನ್ನು ನಮ್ಮ ಎರಿ ಹೊಲದ ಬಯಲಿಗೆ ತಂದು ಹಾಕಿದರೆ ಊರೊಳಗೆ ಸ್ಪೀಡ್ ಚೆನ್ನಾಗಿ ಕಾಣುತ್ತದೆ, ತೋಟದ ವಸ್ತಿಯವರಿಗೆ ಮೊದಲು ಸಿಗುತ್ತಿದ್ದದ್ದೂ ಹೋಗುತ್ತದೆ. ಲಿಂಬಿ ತೋಟದಲ್ಲಿ ಮನೆ ಮಾಡಿಕೊಂಡವರು 'ಹೊಸಾದು ಕುಂಡ್ರಿಸಿದ ಮ್ಯಾಲೆ ನಮಗ ಪೋನ್ ಹತ್ತವಲ್ದು' ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅವರ ಮಾತು ನಿಜ, ಅದು ಭ್ರಮೆಯಲ್ಲ. ಈಗಿನ ಬಹಳಷ್ಟು ಆಂಟೆನಾಗಳಲ್ಲಿ ಟಿಲ್ಟನ್ನು ಆಫೀಸಿನಲ್ಲಿ ಕೂತೇ ಬದಲಿಸಬಹುದು. ಆದರೆ ಯಾರಾದರೂ ದೂರು ಕೊಟ್ಟರೆ ಮಾತ್ರ ಅದು ಕಂಪನಿಯವರ ಕಣ್ಣಿಗೆ ಬೀಳುವುದು.

ಇನ್ನು ಸಂಜೆಯ ತೊಂದರೆ. ಹಳ್ಳಿಗಳ ಎಷ್ಟೋ ಟವರುಗಳಿಗೆ ಇವತ್ತಿಗೂ ಫೈಬರ್ ಇಲ್ಲ, ಕಂಬದ ಮೇಲಿನ ದುಂಡನೆಯ ಮೈಕ್ರೋವೇವ್ ಡಿಶ್ ಪಕ್ಕದೂರಿನ ಡಿಶ್ಶಿಗೆ ಮುಖ ಮಾಡಿರುತ್ತದೆ. ಒಂದೊಂದು ಕಡೆ ಎರಡು ಮೂರು ಊರು ದಾಟಿದ ಮೇಲೆ ಫೈಬರ್ ಸಿಗುತ್ತದೆ, ದಾರಿಯ ಟವರುಗಳೆಲ್ಲ ಅದೇ ಲಿಂಕನ್ನು ಹಂಚಿಕೊಳ್ಳುತ್ತವೆ. ಒಳ್ಳೆಯ 5ಜಿ ರೇಡಿಯೋ ಸೆಕೆಂಡಿಗೆ 1,000 ಮೆಗಾಬಿಟ್ ದಾಟಿ ಕೊಡಬಲ್ಲದು, ಹಳೆಯ ಮೈಕ್ರೋವೇವ್ ಲಿಂಕ್ ಕೆಲವು ನೂರು ದಾಟುವುದೇ ಕಷ್ಟ. ಬೋರಿನಲ್ಲಿ ಒಂದಿಂಚು ನೀರು ಇಟ್ಟುಕೊಂಡು ಹತ್ತು ಎಕರೆಗೆ ಹೊಸ ಡ್ರಿಪ್ ಎಳೆದ ಹಾಗೆ. ಆದ್ದರಿಂದಲೇ ಸ್ವ್ಯಾಪ್ ಆದ ಊರಲ್ಲೂ ರಾತ್ರಿ ಎಂಟಕ್ಕೆ ವಿಡಿಯೋ ಸುತ್ತುತ್ತಲೇ ಇರುತ್ತದೆ.

ನಿಮ್ಮೂರಿನ ರೋಗ ಯಾವುದೆಂದು ನೀವೇ ಹಿಡಿಯಬಹುದು. ಬಹಳಷ್ಟು ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ಎಂದು ಇರುತ್ತದೆ, ಅದರಲ್ಲಿ ಸಿಗ್ನಲ್ಲಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 115ಕ್ಕೆ ಇಳಿದರೆ ದುರ್ಬಲ. ಒಂದೇ ಜಾಗದಲ್ಲಿ ನಿಂತು ನಸುಕಿನ ಐದಕ್ಕೆ ಒಮ್ಮೆ, ರಾತ್ರಿ ಎಂಟೂವರೆಗೆ ಒಮ್ಮೆ ಸಿಗ್ನಲ್ಲನ್ನೂ ಸ್ಪೀಡನ್ನೂ ಬರೆದಿಡಿ. ಎರಡೂ ಹೊತ್ತು ಸಿಗ್ನಲ್ ಒಂದೇ ಇದ್ದು ರಾತ್ರಿ ಸ್ಪೀಡ್ ಮಾತ್ರ ಕುಸಿದರೆ ದಟ್ಟಣೆ. ಅದು ಲಿಂಕಿನದೋ ರೇಡಿಯೋದ್ದೋ ಎಂಬುದು ಕಂಪನಿಯ ಲೆಕ್ಕದಲ್ಲಿ ಗೊತ್ತಾಗುತ್ತದೆ. ನಸುಕಿನಲ್ಲೂ ಸಿಗ್ನಲ್ ಇಲ್ಲದಿದ್ದರೆ ಟಿಲ್ಟ್, ದೂರ ಅಥವಾ ಬ್ಯಾಂಡಿನ (ಸಿಗ್ನಲ್ ಸಾಗುವ ತರಂಗಗಳ ಪಟ್ಟಿಯ) ಮಾತು. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೇ ಸತ್ತರೆ ಬ್ಯಾಟರಿ, ಅದು ಟವರ್ ಕಂಪನಿಗೆ ಹೋಗಬೇಕಾದ ದೂರು.

ಬ್ಯಾಂಡ್ ಬಗ್ಗೆ ಎರಡು ಮಾತು. 700, 900 ಮೆಗಾಹರ್ಟ್ಸ್ ದೂರ ಹೋಗುತ್ತವೆ, ಗೋಡೆ ದಾಟುತ್ತವೆ. 5ಜಿಗೆ ಹೆಚ್ಚು ಬಳಸುವ 3,300 ಮೆಗಾಹರ್ಟ್ಸ್ ಬ್ಯಾಂಡ್ ವೇಗ ಕೊಡುತ್ತದೆ, ದೂರ ಕೊಡುವುದಿಲ್ಲ. ಇಂಡಿ, ಸಿಂದಗಿ ಕಡೆ ಬಯಲು ಇರುವುದರಿಂದ ಕೆಳಗಿನ ಬ್ಯಾಂಡ್ ಚೆನ್ನಾಗಿ ಹರಡುತ್ತದೆ. ಬಾದಾಮಿಯ ಕಲ್ಲುಗುಡ್ಡಗಳ ಹಿಂದೆ, ಖಾನಾಪುರದ ಕಾಡಿನೊಳಗೆ ಅದೂ ತಿಣುಕುತ್ತದೆ, ಅಲ್ಲಿ ಹೊಸ ಟವರೇ ಬೇಕು.

ಹೀಗಾಗಿ ಬರೀ ಈ ಸುದ್ದಿ ನಂಬಿ 5ಜಿ ಫೋನಿಗೆ ದುಡ್ಡು ಹಾಕಬೇಡಿ. ಮೊಬೈಲ್ ಕಂಪನಿಗಳು 2ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ನಿಯಮದಲ್ಲಿ ಹೇಳಿದೆ. ಅದರಲ್ಲಿ ನಿಮ್ಮೂರು ನೋಡಿ. ಬಿಎಸ್‌ಎನ್‌ಎಲ್ ಇದ್ದರೆ ಹಳೆ ಸಿಮ್ ಬದಲಿಸಿ 4ಜಿ ಸಿಮ್ ಹಾಕಿಸಿ, ಫೋನಿನಲ್ಲಿ 700 ಮೆಗಾಹರ್ಟ್ಸಿನ ಬ್ಯಾಂಡ್ 28 ಇದೆಯೇ ನೋಡಿಕೊಳ್ಳಿ. ಹಳೆ ಫೋನುಗಳಲ್ಲಿ ಅದು ಇಲ್ಲದಿರಬಹುದು, ಆಗ ಟವರ್ ಎದುರೇ ಇದ್ದರೂ ಆ ಬ್ಯಾಂಡ್ ನಿಮಗಿಲ್ಲ.

ಕಂಪನಿಗೆ ದೂರು ಕೊಡುವಾಗ 'ನೆಟ್‌ವರ್ಕ್ ಇಲ್ಲ' ಎಂದಷ್ಟೇ ಹೇಳಿದರೆ ಫೋನ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಬರೆದಿಟ್ಟ ಅಂಕಿ, ಹೊತ್ತು, ಜಾಗ ಹೇಳಿ, ದೂರಿನ ನಂಬರ್ ಇಸಿದುಕೊಳ್ಳಿ. ಬಗೆಹರಿಯದಿದ್ದರೆ ಅದೇ ನಂಬರಿನ ಮೇಲೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ವಸ್ತಿಯ ನಾಲ್ಕು ಮನೆಯವರು ಬೇರೆ ಬೇರೆಯಾಗಿ ಕೊಟ್ಟರೆ ಇನ್ನೂ ಒಳ್ಳೆಯದು. ನಸುಕಿನ ಮತ್ತು ರಾತ್ರಿಯ ಅಂಕಿಗಳನ್ನು ಇಲ್ಲೇ ಕೆಳಗೆ ಹಾಕಿ, ನೋಡಿ ಏನು ಬರೆಯಬೇಕೆಂದು ಹೇಳುತ್ತೇನೆ.