ಇಲ್ಲದ ಕಪಲ್ ಎಲ್ಲಿಂದ ಬಂತು?

(ಪಾಲಿಟೆಕ್ನಿಕ್‌ನಲ್ಲಿ 30 ವರ್ಷ ಮೆಕ್ಯಾನಿಕ್ಸ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಮೊದಲ ವರ್ಷ. ಒಂದು ಬಲವನ್ನು ಇನ್ನೊಂದು ಜಾಗಕ್ಕೆ ಸರಿಸಿದರೆ ಜೊತೆಗೆ ಒಂದು ಕಪಲ್ (ಎದುರು ದಿಕ್ಕಿನಲ್ಲಿ ನಿಂತು ತಿರುಗಿಸುವ ಎರಡು ಸಮ ಬಲಗಳ ಜೋಡಿ) ಸೇರಿಸಬೇಕು ಅಂತಾರೆ. ಮೊದಲು ಇಲ್ಲದೇ ಇದ್ದ ಕಪಲ್ ಎಲ್ಲಿಂದ ಬರುತ್ತೆ? ಲೆಕ್ಕ ಬರುತ್ತೆ, ಅರ್ಥ ಆಗಲ್ಲ. — ವಿದ್ಯಾರ್ಥಿ, ದಾವಣಗೆರೆ

ಉತ್ತರ: ಲೆಕ್ಕ ಬರುತ್ತೆ, ಅರ್ಥ ಆಗಲ್ಲ ಅಂತ ಒಪ್ಪಿಕೊಂಡೆಯಲ್ಲ, ಅದಕ್ಕೇ ನಿನಗೆ ಅರ್ಧ ಮಾರ್ಕ್ಸ್. ಮಿಕ್ಕ ಅರ್ಧಕ್ಕೆ ನಮ್ಮ ಅಡುಗೆಮನೆಗೆ ಬಾ.

ನಿವೃತ್ತನಾದ ಹೊಸದರಲ್ಲಿ ಒಂದು ಶೆಲ್ಫ್ ಹೊಡೆದೆ. ಹಲಗೆಯ ಅಗಲ 30 ಸೆಂಟಿಮೀಟರ್. ಕೆಳಗೆ ಎರಡು ಬ್ರಾಕೆಟ್. ಪ್ರತಿ ಬ್ರಾಕೆಟ್ಟಿಗೆ ಮೇಲೊಂದು ಕೆಳಗೊಂದು ಸ್ಕ್ರೂ, ನಡುವೆ 10 ಸೆಂಟಿಮೀಟರ್. ಗೋಡೆಯಲ್ಲಿ ತೂತು ಕೊರೆದು ಪ್ಲಗ್ ಹಾಕಿ ಬಿಗಿ ಮಾಡಿದೆ. ಸ್ಟೀಲ್ ಡಬ್ಬಿಗಳನ್ನು ಹಲಗೆ ತುಂಬಾ ಸಮನಾಗಿ ಜೋಡಿಸಿದೆವು. ಒಟ್ಟು 12 ಕೆಜಿ ಅಂದುಕೋ. ಮೂರು ತಿಂಗಳು ಏನೂ ಆಗಲಿಲ್ಲ.

ಹರಡಿರುವ 12 ಕೆಜಿಯನ್ನು ಒಂದೇ ಬಾಣವಾಗಿ ಬರೆದರೆ ಅದು ಹಲಗೆಯ ಮಧ್ಯಕ್ಕೆ ಬೀಳುತ್ತೆ, ಗೋಡೆಯಿಂದ 15 ಸೆಂಟಿಮೀಟರ್ ದೂರಕ್ಕೆ. ಆದರೆ ಹಿಡಿದುಕೊಂಡಿರುವುದು ಸ್ಕ್ರೂ. ಸ್ಕ್ರೂ ಇರುವುದು ಗೋಡೆಯಲ್ಲಿ. ಹಾಗಾಗಿ ಆ ಬಾಣವನ್ನು ಗೋಡೆಗೆ ತರಬೇಕು. ಹೇಗೆ ತರುತ್ತೀಯ? ಗೋಡೆಯ ಹತ್ತಿರ 12 ಕೆಜಿಯ ಎರಡು ಬಾಣ ಬರಿ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಎರಡೂ ವಜಾ ಆಗುತ್ತವೆ. ಶೆಲ್ಫಿಗೆ ಏನೂ ಗೊತ್ತಾಗಲ್ಲ, ಅಲ್ವಾ? ಈಗ ಕಾಗದದಲ್ಲಿ ಮೂರು ಬಾಣ ಇವೆ. ಮಧ್ಯದಲ್ಲಿ ಕೆಳಕ್ಕೆ ಇರುವುದನ್ನೂ ಗೋಡೆಯಲ್ಲಿ ಮೇಲಕ್ಕೆ ಇರುವುದನ್ನೂ ಜೋಡಿ ಮಾಡು. ಸಮ ಬಲ, ಎದುರು ದಿಕ್ಕು, ನಡುವೆ 15 ಸೆಂಟಿಮೀಟರ್. ಅದೇ ನಿನ್ನ ಕಪಲ್, 12 ಗುಣಿಸು 15, ಅಂದರೆ 180 ಕೆಜಿ-ಸೆಂಟಿಮೀಟರ್. ಮಿಕ್ಕಿದ್ದು ಗೋಡೆಯಲ್ಲಿ ಕೆಳಕ್ಕೆ 12 ಕೆಜಿ. ಅಷ್ಟೇ ಕಥೆ.

ಕಪಲ್ ಎಲ್ಲಿಂದಲೂ ಬರಲಿಲ್ಲ ಕಣಪ್ಪ. ಬಲ ದೂರದಲ್ಲಿ ನಿಂತಿತ್ತಲ್ಲ, ಆ ದೂರದೊಳಗೇ ಅದು ಕೂತಿತ್ತು. ನೀನು ಬಲವನ್ನು ಹತ್ತಿರ ತಂದೆ, ದೂರ ಹೋಯಿತು. ದೂರ ಮಾಡುತ್ತಿದ್ದ ಕೆಲಸವನ್ನು ಬೇರೆ ಹೆಸರಲ್ಲಿ ಬರೆದುಕೊಂಡೆ.

ನಂಬಿಕೆ ಬರದಿದ್ದರೆ ಹಲಗೆಯ ಮಧ್ಯದ ಬಿಂದುವಿನ ಸುತ್ತ ಮೊಮೆಂಟ್ (ಬಲ ಗುಣಿಸು ದೂರ, ಅಂದರೆ ತಿರುಗಿಸುವ ಪ್ರಮಾಣ) ತಗೊಂಡು ನೋಡು. ಮೊದಲಿನ ಚಿತ್ರದಲ್ಲಿ ಸೊನ್ನೆ, ಯಾಕಂದರೆ ಬಲ ಆ ಬಿಂದುವಿನಲ್ಲೇ ಇದೆ. ಹೊಸ ಚಿತ್ರದಲ್ಲಿ ಗೋಡೆಯ 12 ಕೆಜಿ ಒಂದು ಕಡೆಗೆ 180 ತಿರುಗಿಸುತ್ತೆ, ಕಪಲ್ ಎದುರು ಕಡೆಗೆ 180. ಮತ್ತೆ ಸೊನ್ನೆ. ಬೇರೆ ಯಾವ ಬಿಂದು ಹಿಡಿದರೂ ಎರಡೂ ಚಿತ್ರ ಒಂದೇ ಉತ್ತರ ಕೊಡುತ್ತವೆ. ಎರಡು ವ್ಯವಸ್ಥೆ ಸಮ ಅಂದರೆ ಇಷ್ಟೇ. ಈ ಜೋಡಿಯನ್ನು ಬೇರೆಯಾಗಿ ಗುರುತಿಸಿ, ಅದಕ್ಕೊಂದು ಹೆಸರಿಟ್ಟು ಪಾಠ ಮಾಡಿದವನು ಫ್ರಾನ್ಸಿನ ಲೂಯಿ ಪ್ವಾಂಸೊ, 1803ರ ತನ್ನ ಸ್ಟ್ಯಾಟಿಕ್ಸ್ ಪುಸ್ತಕದಲ್ಲಿ.

ಈಗ ಸ್ಕ್ರೂ ವಿಷಯ. 180ನ್ನು ಮೇಲಿನ, ಕೆಳಗಿನ ಸ್ಕ್ರೂಗಳ ನಡುವಿನ 10ರಿಂದ ಭಾಗಿಸು. ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ 18 ಕೆಜಿ ಎಳೆಯುತ್ತೆ, ಕೆಳಗಡೆ ಅಷ್ಟೇ ಬಲದಲ್ಲಿ ಗೋಡೆಗೆ ಒತ್ತುತ್ತೆ. ಒಂದು ದಿನ ಡಬ್ಬಿಗಳೆಲ್ಲ ಬೇರೆ ಕಡೆ ಹೋದವು. ಬೀಸುವ ಕಲ್ಲಿನ ಒಂದು ಹೋಳು ಬಂತು. ಅದೂ 12 ಕೆಜಿಯೇ, ತೂಗಿ ನೋಡಿದ್ದೆ. ಕೈಗೆ ಸುಲಭವಾಗಿ ಸಿಗಲಿ ಅಂತ ಅಂಚಿಗೆ ಇಟ್ಟರು, ಅದರ ಭಾರ ಗೋಡೆಯಿಂದ ಸುಮಾರು 28 ಸೆಂಟಿಮೀಟರ್ ದೂರದಲ್ಲಿ. ಎಳೆತ 33.6 ಕೆಜಿ ಆಯಿತು. ತೂಕ ಒಂದು ಗ್ರಾಮೂ ಜಾಸ್ತಿ ಆಗಿಲ್ಲ! ರಾತ್ರಿ ಹತ್ತು ಗಂಟೆಗೆ ಧಡಾರ್ ಅಂತ ಬಿತ್ತು. ಎದ್ದು ನೋಡಿದರೆ ಮೇಲಿನ ಪ್ಲಗ್ಗುಗಳು ಗಾರೆಯ ಸಮೇತ ಕಿತ್ತು ಬಂದಿವೆ, ಕೆಳಗಿನವು ಹಾಗೇ ಇವೆ. ನಮ್ಮ ಮನೆಯವರು ಹೇಳಿದ್ದು, "ಏನ್ರೀ, 30 ವರ್ಷ ಇದನ್ನೇನಾ ಪಾಠ ಮಾಡಿದ್ದು?"

ಪ್ರಶ್ನೆ: ಕೆಆರ್‌ಎಸ್ 124.80 ಅಡಿ ತುಂಬಿದರೆ ನಮ್ಮ ಕಡೆ ಹಬ್ಬ. ಕೊನೆಯ ನಾಲ್ಕೈದು ಅಡಿ ನೀರು ಕಟ್ಟೆಗೆ ನಿಜಕ್ಕೂ ಅಷ್ಟು ಭಾರವಾ? — ರೈತರು, ಮಂಡ್ಯ ಜಿಲ್ಲೆ

ಉತ್ತರ: ಭಾರವೇ. ಲೆಕ್ಕ ಸುಲಭ ಆಗಲಿ ಅಂತ 30 ಮೀಟರ್ ಆಳ ನೀರು ನಿಂತ ಒಂದು ಕಟ್ಟೆ ಇಟ್ಟುಕೊಳ್ಳಿ. ಮೇಲೆ ಒತ್ತಡ ಸೊನ್ನೆ, ಕೆಳಗೆ ಹೋದಷ್ಟೂ ಜಾಸ್ತಿ. ಚಿತ್ರ ಬರೆದರೆ ತ್ರಿಕೋನ. ಆ ತ್ರಿಕೋನದ ವಿಸ್ತೀರ್ಣವೇ ಒಟ್ಟು ತಳ್ಳು. ಒಂದು ಮೀಟರ್ ಉದ್ದದ ಕಟ್ಟೆಗೆ 450 ಟನ್. ಈ ಅಷ್ಟೂ ತಳ್ಳನ್ನು ಒಂದೇ ಬಾಣ ಮಾಡಿದರೆ ಅದು ತ್ರಿಕೋನದ ಸರಾಸರಿ ಜಾಗವಾದ ಸೆಂಟ್ರಾಯ್ಡ್‌ಗೆ ಎದುರಾಗಿ ಬರುತ್ತೆ, ತಳದಿಂದ ಮೂರನೇ ಒಂದು ಭಾಗ ಎತ್ತರದಲ್ಲಿ, ಅಂದರೆ 10 ಮೀಟರ್. ಕಟ್ಟೆಯನ್ನು ಮಗುಚಲು ನೋಡುವ ಮೊಮೆಂಟ್ 450 ಗುಣಿಸು 10, ಅಂದರೆ 4500 ಟನ್-ಮೀಟರ್.

ಈಗ ನೀರು 3 ಮೀಟರ್ ಏರಲಿ. ಆಳ ಜಾಸ್ತಿ ಆದದ್ದು ನೂರಕ್ಕೆ 10. ತಳ್ಳು ಜಾಸ್ತಿ ಆಗುವುದು ನೂರಕ್ಕೆ 21. ಮಗುಚುವ ಮೊಮೆಂಟ್ ನೂರಕ್ಕೆ 33! ಬಲವೂ ಬೆಳೆಯಿತು, ಅದು ನಿಂತ ಎತ್ತರವೂ ಬೆಳೆಯಿತು. ಅದಕ್ಕೇ ಕೊನೆಯ ಅಡಿಗಳ ಮೇಲೆ ಎಂಜಿನಿಯರುಗಳ ಕಣ್ಣು.

ನಿಮ್ಮ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಕಲ್ಲು, ನಡುವೆ ಸುರ್ಕಿ (ಸುಣ್ಣ, ಇಟ್ಟಿಗೆ ಪುಡಿಯ) ಗಾರೆ. ಕಲ್ಲುಕಟ್ಟಡ ಒತ್ತಿದರೆ ಚೆನ್ನಾಗಿ ತಾಳುತ್ತೆ, ಎಳೆದರೆ ಬಿರುಕು ಬಿಡುತ್ತೆ. ಆದ್ದರಿಂದ ಇಂಥ ಕಟ್ಟೆಗಳಿಗೆ ಒಂದು ಹಳೇ ನಿಯಮ ಇದೆ. ನೀರಿನ ತಳ್ಳನ್ನೂ ಕಟ್ಟೆಯ ಸ್ವಂತ ತೂಕವನ್ನೂ ಕೂಡಿಸಿ ಒಂದೇ ಬಾಣ ಮಾಡಿ. ಆ ಬಾಣ ತಳದ ಅಗಲದ ನಡುವಿನ ಮೂರನೇ ಒಂದು ಭಾಗದೊಳಗೆ ಬೀಳಬೇಕು. ಅದರಿಂದ ಹೊರಗೆ ಸರಿದರೆ ನೀರಿನ ಕಡೆಯ ಬುಡದಲ್ಲಿ ಎಳೆತ ಶುರು. ಕಟ್ಟೆ ಕೆಳಗೆ ಅಷ್ಟೊಂದು ದಪ್ಪ ಇರುವುದು ಸುಮ್ನೆ ಅಲ್ಲ.

ಪ್ರಶ್ನೆ: ನಾನು ಟ್ಯಾಕ್ಸಿ ಓಡಿಸ್ತೀನಿ. ಚಕ್ರದ ನಟ್ಟು ಬಿಚ್ಚಲು ಪಾನಾಗೆ ಪೈಪು ಹಾಕ್ತೀವಿ. ಬಿಗಿ ಮಾಡುವಾಗ ಹಾಕಬೇಡ ಅಂತಾರೆ. ಯಾಕೆ? — ಚಾಲಕ, ಹಾಸನ

ಉತ್ತರ: ಸಣ್ಣ ಕಾರಿನ ನಟ್ಟಿಗೆ ಬೇಕಾದ್ದು ಸುಮಾರು 100 ನ್ಯೂಟನ್ ಮೀಟರ್. ಕಾಲು ಮೀಟರ್ ಪಾನಾದ ತುದಿಗೆ 40 ಕೆಜಿ ಬಲ ಹಾಕಿದರೆ ಸಾಕು. ಒಂದು ಮೀಟರ್ ಪೈಪು ಹಾಕಿ 60 ಕೆಜಿ ಮನುಷ್ಯ ಮೇಲೆ ನಿಂತರೆ 590 ಹತ್ತಿರ ಹೋಗುತ್ತೆ. ಸ್ಟಡ್ಡು ಹಿಗ್ಗುತ್ತೆ, ಇಲ್ಲಾ ಕಟ್ ಆಗುತ್ತೆ. ಇನ್ನೊಂದು ವಿಷಯ. ಒಂದೇ ಕೈಯಲ್ಲಿ ಒತ್ತಿದರೆ ನಟ್ಟಿಗೆ ಹೋಗುವುದು ತಿರುಗಿಸುವ ಕಪಲ್ ಮಾತ್ರ ಅಲ್ಲ, ಪಕ್ಕಕ್ಕೆ ತಳ್ಳುವ ಬಲವೂ ಹೋಗುತ್ತೆ. ಪಾನಾ ಜಾರಿ ಗೆಣ್ಣು ಕಿತ್ತುಹೋಗುವುದು ಅದರಿಂದಲೇ. ನಾಲ್ಕು ಕೈಯ ಪ್ಲಸ್ ಪಾನಾ ತಗೊಳ್ಳಿ. ಒಂದು ಕೈ ಎತ್ತಿ, ಇನ್ನೊಂದು ಒತ್ತಿ. ಅದು ಶುದ್ಧ ಕಪಲ್.

ಪ್ರಶ್ನೆ: ಬಳೆಯ ಸೆಂಟ್ರಾಯ್ಡ್ ಮಧ್ಯದಲ್ಲಿದೆ ಅಂತ ಮಗಳ ಪುಸ್ತಕದಲ್ಲಿದೆ. ಅಲ್ಲಿ ಏನೂ ಇಲ್ಲವಲ್ಲ ಅಂತ ಕೇಳ್ತಾಳೆ. ಏನು ಹೇಳಲಿ? — ಗೃಹಿಣಿ, ಶಿರಸಿ

ಉತ್ತರ: ಅಮ್ಮಾ, ಮಗಳು ಸರಿಯಾಗೇ ಕೇಳಿದ್ದಾಳೆ. ಸೆಂಟ್ರಾಯ್ಡ್ ಅಂದರೆ ಸರಾಸರಿ ಜಾಗ. ಮೂರು ಮಕ್ಕಳಿರುವ ಮನೆಯೂ ನಾಲ್ಕು ಮಕ್ಕಳಿರುವ ಮನೆಯೂ ಸೇರಿದರೆ ಸರಾಸರಿ ಮೂರೂವರೆ. ಆ ಅರ್ಧ ಮಗು ಯಾರ ಮನೆಯಲ್ಲೂ ಇಲ್ಲ, ಅಲ್ವಾ? ಹಾಗೇ ಇದೂ.

ಮುಂದೆ ಅವಳಿಗೆ ತೂತಿನ ಲೆಕ್ಕ ಬರುತ್ತೆ. ಈಗಲೇ ತೋರಿಸಿ. 10 ಸೆಂಟಿಮೀಟರ್ ತ್ರಿಜ್ಯದ ಗುಂಡು ರಟ್ಟು ಕತ್ತರಿಸಿ. ಅದರ ಬಲಗಡೆಯ ಅಂಚಿಗೆ ತಾಗುವಂತೆ 5 ಸೆಂಟಿಮೀಟರ್ ತ್ರಿಜ್ಯದ ತೂತು ಮಾಡಿ. ಪೂರ್ತಿ ರಟ್ಟು 4 ಪಾಲು, ತೂತು 1 ಪಾಲು, ಉಳಿದದ್ದು 3. ತೂತಿನ ಕೇಂದ್ರ ರಟ್ಟಿನ ಕೇಂದ್ರದಿಂದ ಬಲಗಡೆಗೆ 5 ಸೆಂಟಿಮೀಟರ್. ಹಾಗಾಗಿ ಸೆಂಟ್ರಾಯ್ಡ್ ಎಡಕ್ಕೆ 5 ಭಾಗ 3, ಸುಮಾರು 1.7 ಸೆಂಟಿಮೀಟರ್ ಸರಿಯುತ್ತೆ. ನನ್ನ ಹುಡುಗರು 3ರ ಬದಲು 4ರಿಂದ ಭಾಗಿಸುತ್ತಿದ್ದರು. ತೂತಿನ ಮೊಮೆಂಟ್ ಕಳೆಯುತ್ತಿದ್ದರು, ವಿಸ್ತೀರ್ಣ ಕಳೆಯುವುದು ಮರೆಯುತ್ತಿದ್ದರು.

ಆಮೇಲೆ ಅವಳ ಕೈಯಲ್ಲಿ ಕರ್ನಾಟಕದ ನಕ್ಷೆಯನ್ನು ರಟ್ಟಿಗೆ ಅಂಟಿಸಿ ಕತ್ತರಿಸಿಸಿ. ಅಂಚಿನ ಹತ್ತಿರ ಗುಂಡುಸೂಜಿ ಚುಚ್ಚಿ ಸಡಿಲವಾಗಿ ನೇತುಹಾಕಿ. ಅದೇ ಸೂಜಿಯಿಂದ ದಾರಕ್ಕೆ ಕಲ್ಲು ಕಟ್ಟಿ ಬಿಡಿ, ದಾರದ ಗೆರೆ ಎಳೆಯಿರಿ. ಬೀದರಿನ ಕಡೆಯಿಂದ ಒಂದು ಸಲ, ಚಾಮರಾಜನಗರದ ಕಡೆಯಿಂದ ಒಂದು ಸಲ, ಕಾರವಾರದಿಂದ ಒಂದು ಸಲ. ಮೂರು ಗೆರೆ ಯಾವ ಊರಿನ ಹತ್ತಿರ ಕೂಡಿದವು ಅಂತ ಕಾರ್ಡಿನಲ್ಲಿ ಬರೆದು ಕಳಿಸಲಿ.