ತಗ್ಗಿಸಿದ ಸಿ10 ಯಾಕೆ ಧಡ್ ಅನ್ನುತ್ತದೆ?

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಹೋದ ವರ್ಷ 1972ರ ಶೆವ್ರೊಲೆ ಸಿ10 ಪಿಕಪ್ ಕೊಂಡೆ. ಹಳೇ ಮಾಲೀಕರು ಮುಂದಿನ ಸ್ಪ್ರಿಂಗ್ ಕತ್ತರಿಸಿ, ಹಿಂದೆ ಗಿಡ್ಡ ಕಾಯಿಲ್ ಹಾಕಿ 4 ಇಂಚು ತಗ್ಗಿಸಿದ್ದಾರೆ. ನೋಡೋಕೆ ಚೆಂದ. ಆದರೆ ಸಣ್ಣ ಗುಂಡಿಗೂ ಧಡ್ ಅಂತ ಬೆನ್ನಿಗೆ ಏಟು. ಹಿಂದಿನ ಒಂದು ಚಕ್ರ ಫೆಂಡರ್‌ಗೆ ತೀರಾ ಹತ್ತಿರ ಬಂದಿದೆ. ಕಾಯಿಲ್‌ಓವರ್ (ಶಾಕ್‌ನ ಸುತ್ತಲೇ ಸ್ಪ್ರಿಂಗ್ ಇರುವ ಜೋಡಿ) ಹಾಕಿಸಿದರೆ ಸರಿಹೋಗುತ್ತದಾ?

ಉತ್ತರ: ದುಡ್ಡು ಸ್ವಲ್ಪ ಜೇಬಲ್ಲೇ ಇರಲಿ. ಕಾಲು ಚಾಚಲು ಜಾಗವೇ ಇಲ್ಲದವನಿಗೆ ಮೆತ್ತನೆ ಹಾಸಿಗೆ ಕೊಟ್ಟರೇನು ಬಂತು? ಮೊದಲು ಜಾಗ ಎಷ್ಟಿದೆ ನೋಡಿ. ಮಕ್ಕಳು ಆಡುವ ಕ್ಲೇ ಇರುತ್ತದಲ್ವಾ, ಅದರ ಉಂಡೆಯನ್ನು ಹಿಂದಿನ ಆಕ್ಸಲ್‌ನ (ಎರಡು ಚಕ್ರ ಜೋಡಿಸುವ ಅಚ್ಚು) ನೇರ ಮೇಲೆ, ಫ್ರೇಮಿನ ಅಡಿಗೆ ಅಂಟಿಸಿ. ಒಂದು ಸುತ್ತು ಓಡಿಸಿ ಬನ್ನಿ. ಚಪ್ಪಟೆಯಾಗಿದ್ದರೆ ಆಕ್ಸಲ್ ಹೋಗಿ ಫ್ರೇಮಿಗೇ ಗುದ್ದುತ್ತಿದೆ ಎಂದರ್ಥ. ಆಗ ಎಂಥಾ ಶಾಕ್ ಹಾಕಿದರೂ ಪ್ರಯೋಜನವಿಲ್ಲ. ಇದಕ್ಕೆ ಮದ್ದು ಸಿ-ನಾಚ್: ಆಕ್ಸಲ್ ಮೇಲಿನ ಫ್ರೇಮನ್ನು ಅರ್ಧಚಂದ್ರದ ಹಾಗೆ ಕತ್ತರಿಸಿ, ದಪ್ಪ ಉಕ್ಕಿನ ತುಂಡನ್ನು ಬೋಲ್ಟ್ ಮಾಡಿ ಬಲ ಕೊಡುವುದು. ಹಿಂದಿನ ಶಾಕ್‌ಗಳೂ ಗಿಡ್ಡವಾಗಬೇಕು, ಇಲ್ಲವೇ ಅವುಗಳ ಬ್ರಾಕೆಟ್ ಜಾಗ ಬದಲಾಗಬೇಕು.

ಚಕ್ರ ಪಕ್ಕಕ್ಕೆ ಸರಿದದ್ದು ಹೆಚ್ಚಾಗಿ ಪ್ಯಾನ್‌ಹಾರ್ಡ್ ಬಾರ್‌ನ ಕೆಲಸ. ಆಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿಯುವ ಅಡ್ಡ ಸರಳು ಅದು. ಅದರ ಒಂದು ತುದಿ ಫ್ರೇಮಿಗೆ, ಇನ್ನೊಂದು ಆಕ್ಸಲ್‌ಗೆ. ಗಾಡಿ ತಗ್ಗಿದಾಗ ಬಾರ್‌ನ ಕೋನ ಬದಲಾಗಿ ಆಕ್ಸಲನ್ನು ಒಂದು ಕಡೆ ತಳ್ಳುತ್ತದೆ. ಉದ್ದ ಹೊಂದಿಸಬಹುದಾದ ಬಾರ್ ಹಾಕಿದರೆ ನಡುವಿಗೆ ಬರುತ್ತದೆ. ಸಾಧ್ಯವಾದರೆ ಉದ್ದನೆಯದನ್ನೇ ಹಾಕಿ, ಗುಂಡಿಯಲ್ಲಿ ಪಕ್ಕಕ್ಕೆ ಎಳೆಯುವುದೂ ಕಡಿಮೆಯಾಗುತ್ತದೆ. ಆಕ್ಸಲನ್ನು ಫ್ರೇಮಿಗೆ ಜೋಡಿಸುವ ಹಿಂದಿನ ಎರಡು ಉದ್ದ ಆರ್ಮ್‌ಗಳನ್ನು ಮಾತ್ರ ಕಿತ್ತೆಸೆಯಬೇಡಿ. ಅಮೆರಿಕದ ನಾಸ್ಕಾರ್ ಕಾರ್ ರೇಸಿನವರು ವರ್ಷಗಟ್ಟಲೆ ನಂಬಿದ್ದು ಇದೇ ವಿನ್ಯಾಸವನ್ನು. 1973ರ ಮಾದರಿಯ ಹೊಸ ಪಿಕಪ್‌ಗಳಿಗೆ ಶೆವ್ರೊಲೆ ಹಿಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಹಾಕಿತು. ನಿಮ್ಮದು ಸ್ವಲ್ಪದರಲ್ಲಿ ಬಚಾವ್!

ಮುಂದೆ, ಆ ಕತ್ತರಿಸಿದ ಸ್ಪ್ರಿಂಗ್ ತೆಗೆಸಿ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ, ಜೊತೆಗೆ ಮುಂದಿನ ಚಕ್ರ ಹಿಡಿದ ಆರ್ಮ್ ಆಡುವ ಜಾಗವನ್ನೂ ತಿಂದುಹಾಕುತ್ತದೆ. ಬದಲಿಗೆ ಎರಡೂವರೆ ಇಂಚಿನ ಡ್ರಾಪ್ ಸ್ಪಿಂಡಲ್ ಹಾಕಿಸಿ. ಇದರಲ್ಲಿ ಚಕ್ರದ ಹಬ್ ಮೇಲಕ್ಕೇರುತ್ತದೆ, ಗಾಡಿ ಇಳಿಯುತ್ತದೆ, ಸ್ಪ್ರಿಂಗ್‌ಗೆ ಏನೂ ಆಗುವುದಿಲ್ಲ. ಇನ್ನೂ ಒಂದು ಇಂಚು ಬೇಕೆಂದರೆ ಅದಕ್ಕೆಂದೇ ಮಾಡಿದ ಸ್ಪ್ರಿಂಗ್ ಸಿಗುತ್ತದೆ. ಉಳಿದ ಅರ್ಧ ಇಂಚಿಗೆ ಹಟ ಬೇಡ. ಬುಷ್, ಬಾಲ್ ಜಾಯಿಂಟ್ ಹಳೆಯವಿದ್ದರೆ ಇದೇ ಸಲ ಬದಲಾಯಿಸಿ.

ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಸುಮ್ನೆ ಗಾಡಿ ಬಿಟ್ಟು ಬರಬೇಡಿ. ಗಾಡಿಯ ಹಳೇ ಪುಸ್ತಕದ ಕ್ಯಾಸ್ಟರ್ (ಚಕ್ರ ತಿರುಗಿಸುವ ಅಕ್ಷ ಹಿಂದಕ್ಕೆ ವಾಲುವ ಕೋನ) ಅಂಕಿ ಹಳೇ ಬಗೆಯ ಬಯಾಸ್ ಟೈರಿನ ಕಾಲದ್ದು, ಅಂಗಡಿಯವರು ಅದನ್ನೇ ಕೂರಿಸಿಬಿಡುತ್ತಾರೆ. ರೇಡಿಯಲ್ ಟೈರು, ಪವರ್ ಸ್ಟೀರಿಂಗ್ ಇದ್ದರೆ 4 ಡಿಗ್ರಿ ಆಸುಪಾಸು ಕೇಳಿ. ಹಳೇ ಮೇಲಿನ ಆರ್ಮ್‌ನಲ್ಲಿ ಅಷ್ಟು ಬರದಿದ್ದರೆ, ಕಾಯಿಲ್‌ಓವರ್‌ಗೆಂದು ಎತ್ತಿಟ್ಟ ದುಡ್ಡಲ್ಲಿ ಕೊಳವೆಯಿಂದ ಮಾಡಿದ ಟ್ಯೂಬುಲರ್ ಆರ್ಮ್ ತನ್ನಿ.